ಕಾಶಿದಾರ

ಬೆಟ್ಟಸ್ವಾಮಿಯ ಬಲಗಾಲು ಒಂದು ಕಡೆ ನೋಡಿದರೆ ಅದರ ಪಾದ ಇನ್ನೊಂದು ಕಡೆ ನೋಡುತ್ತಿತ್ತು. ಮೊಣಕಾಲು ಊರ ದಾರಿ ಹಿಡಿದರೆ ಪಾದ ಗದ್ದೆಯ ದಾರಿ ಹಿಡಿಯುತ್ತಿತ್ತು. ಹಿಮ್ಮಡಿ ಪೂರ್ತಿ ನೆಲಕ್ಕೆ ಊರುತ್ತಿರಲಿಲ್ಲ. ಒಳಗಡೆಯ ಗಿಣ್ಣು ನಿಂಬೆಹಣ್ಣಿನಷ್ಟು ಉಬ್ಬಿತ್ತು. ಸಂಜೆಯಾದರೆ ಆ ನಿಂಬೆಹಣ್ಣು ತೆಂಗಿನ ಎಳೆಗಾಯಿಯಾಗುತ್ತಿತ್ತು.

ಅವನು ಕೂಲಿಯವನು. ಕುಕ್ಕರುಗಾಲಲ್ಲಿ ಕೂರಲಾಗದ ಕೂಲಿಯವನನ್ನು ಯಾರು ಕರೆಯುತ್ತಾರೆ? ಕಬ್ಬನ್ನು ಬುಡಕ್ಕೇ ಕಡಿಯಬೇಕು. ಬುಡಕ್ಕೆ ಕಡಿಯಬೇಕಾದರೆ ಬಗ್ಗಬೇಕು. ಬಗ್ಗಿದರೆ ಮೈಭಾರವೆಲ್ಲ ಗಿಣ್ಣಿಗೆ ಇಳಿಯುತ್ತದೆ. ಬೆಟ್ಟಸ್ವಾಮಿ ಎಡಗಾಲಿನ ಮೇಲೆ ಜೋತು ಬಿದ್ದು ಕಡಿಯುತ್ತಿದ್ದ. ಬಯಲಿಗೆ ಹೋದರೆ ಹೊಂಗೆಮರದ ಬೊಡ್ಡೆ ಹಿಡಿದುಕೊಳ್ಳಬೇಕಿತ್ತು. ಒಂದು ದಿನ ಕೈ ಜಾರಿತು. ತನ್ನ ಹೊಲಸಿನ ಮೇಲೆ ತಾನೇ ಬಿದ್ದ. ಹೆಂಡತಿ ಜವರಮ್ಮ ಕೆರೆಗೆ ನಡೆಸಿಕೊಂಡು ಹೋಗಿ ತೊಳೆದಳು. ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಕಾಲು ಮುರಿದು ಮೂರು ವರ್ಷವಾಗಿತ್ತು. ಮುರಿದದ್ದು ಶಿವಸ್ವಾಮಿಯವರ ಕಬ್ಬಿನ ಗದ್ದೆಯಲ್ಲಿ. ಶಿವಸ್ವಾಮಿಯವರು ಕವಲಂದೆ ಕಡೆಯ ಆ ಊರಿಗೆ ದೊಡ್ಡ ಕುಳ, ಊರಮ್ಮನ ಗುಡಿಗೆ ಯಜಮಾನರು. ಕೇರಿಯವರು ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಬುದ್ದಿ’ ಅನ್ನುತ್ತಾರೆ. ಅವತ್ತು ಬೆಟ್ಟಸ್ವಾಮಿ ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು, ಲಾರಿಗೆ ಒರಗಿಸಿದ್ದ ಹಲಗೆ ಹತ್ತುತ್ತಿದ್ದ. ಹಲಗೆ ಇಬ್ಬನಿಗೆ ನೆನೆದಿತ್ತು. ಕಾಲು ಜಾರಿತು. ಪಾದ ಹಲಗೆಗೂ ಲಾರಿಗೂ ನಡುವೆ ಸಿಕ್ಕಿಕೊಂಡಿತು. ಅವನು ಒಂದು ಕಡೆ ಬಿದ್ದ, ಪಾದ ಇನ್ನೊಂದು ಕಡೆ ಉಳಿಯಿತು. ಹಸಿ ಸೌದೆ ಮುರಿದ ಸದ್ದು ಅವನ ಕಿವಿಗೇ ಕೇಳಿಸಿತು.

ಮಗಳು ವನಿತಾ ಅವತ್ತು ರಜೆಯಲ್ಲಿದ್ದಳು. ಅವಳು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಓಡಿ ಬಂದವಳೇ ಆಂಬುಲೆನ್ಸಿಗೆ ಫೋನ್ ಮಾಡತೊಡಗಿದಳು. ಶಿವಸ್ವಾಮಿ ಕೈ ಅಡ್ಡ ಹಿಡಿದರು.

“ನಿಲ್ಸವ್ವ ಫೋನ. ಆಸ್ಪತ್ರೆಗೆ ಓದ್ರೆ ಏನ್ಮಾಡ್ತರೆ? ಕುಯ್ದು ಕಬ್ಬಿಣ ಕೂರುಸ್ತರೆ. ಕಬ್ಬಿಣ ಸೇರಿದ ಮೈನ ಅಮ್ಮ ಒಪ್ಪಕ್ಕಿಲ್ಲ. ಕೊಂಡ ಕಣ್ಮುಂದೆ ಅದೆ. ನಿಮ್ಮಪ್ಪ ಬರೀ ನಿಮ್ಮಪ್ಪ ಅಲ್ಲ ಕಣವ್ವ, ಅವನ ಮೈ ಊರಿನ ಮೈ.”

ಊರಮ್ಮನ ಹಬ್ಬಕ್ಕೆ ಕೊಂಡ ಹಾಯುತ್ತಾರೆ. ಉದ್ದನೆಯ ಗುಂಡಿ ತೋಡಿ, ಗಾಡಿಗಟ್ಟಲೆ ಸೌದೆ ಉರಿಸಿ, ಕೆಂಡ ಹರವುತ್ತಾರೆ. ಆ ಕೆಂಡದ ಮೇಲೆ ಮೊದಲ ಹೆಜ್ಜೆ ಬೆಟ್ಟಸ್ವಾಮಿಯ ಮನೆತನದ್ದು. ಅವನ ಅಪ್ಪ ತುಳಿದಿದ್ದ, ತಾತ ತುಳಿದಿದ್ದ. ಕೇರಿಯವನು ತುಳಿಯದೆ ಮೇಲಿನ ಬೀದಿಯ ಒಬ್ಬನೂ ಕೆಂಡಕ್ಕೆ ಕಾಲಿಡುವಂತಿಲ್ಲ. ವರ್ಷವೆಲ್ಲ ಗುಡಿಯ ಮೆಟ್ಟಿಲು ಹತ್ತದ ಕಾಲು ಆ ದಿನ ಎಲ್ಲರಿಗಿಂತ ಮುಂದೆ. ಮೇಲಿನ ಬೀದಿಯ ಹೆಂಗಸರು ಆ ಕಾಲಿಗೆ ನೀರು ಹಾಕಿ ಅಡ್ಡ ಬೀಳುತ್ತಾರೆ. ಮಾರನೆಯ ದಿನ ಅವನು ಬಾಯಾರಿ ಹೋದರೆ ಅದೇ ಹೆಂಗಸರು ಬೊಗಸೆಗೆ ಮೇಲಿಂದ ನೀರು ಹುಯ್ಯುತ್ತಾರೆ.

ಬೆಟ್ಟಸ್ವಾಮಿ ನೆಲದ ಮೇಲೆ ಬಿದ್ದುಕೊಂಡೇ ಅಂದ: “ಬುದ್ದಿ ಏಳಿದಂಗೇ ಆಗ್ಲಿ, ಮಗ.” ಯಾರೂ ಅವನ ಬಾಯಿ ಒತ್ತಿ ಹೇಳಿಸಲಿಲ್ಲ. ಅವನೇ ಅಂದ. ನಂಬಿದ್ದ.

ಹುಲ್ಲಹಳ್ಳಿ ಕಡೆಯಿಂದ ನಾಟಿ ಕಟ್ಟು ಹಾಕುವ ಸಿದ್ದಯ್ಯ ಬಂದ. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಿದಿರಿನ ದಬ್ಬೆ. ನಾಲ್ಕು ಜನ ಹಿಡಿದುಕೊಂಡರು. ಸಿದ್ದಯ್ಯ ಪಾದ ಹಿಡಿದು ಎಳೆದ. ಬೆಟ್ಟಸ್ವಾಮಿ ತನ್ನ ಟವೆಲನ್ನು ಕಚ್ಚಿಕೊಂಡ. ಟವೆಲು ಹರಿದುಹೋಯಿತು, ಕೂಗು ಮಾತ್ರ ಹೊರಗೆ ಬರಲಿಲ್ಲ. ಶಿವಸ್ವಾಮಿ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. “ಗಂಡ್ಸು ಕಣ್ಲಾ ನೀನು,” ಅಂದರು.

ಕೊಂಡದ ಹೊತ್ತಿಗೆ ಕಟ್ಟು ಬಿಚ್ಚಿದರು. ಮೂಳೆ ಕೂಡಿತ್ತು. ಸೊಟ್ಟಗೆ ಕೂಡಿತ್ತು. ಆ ಕಾಲಲ್ಲೇ ಅವನು ಕೆಂಡ ಹಾಯ್ದ. ನೆಟ್ಟಗಿರುವ ಕಾಲು ಕೆಂಡದಿಂದ ಥಟ್ಟನೆ ಏಳುತ್ತದೆ. ಸೊಟ್ಟ ಕಾಲು ಏಳಲಿಲ್ಲ. ಎಳೆದುಕೊಂಡು ಹೋಯಿತು. ಪಾದದ ಅಂಚು ಪೂರ್ತಿ ಬೆಂದಿತು.

ಬೆಂದದ್ದನ್ನು ಹೇಳುವಂತಿಲ್ಲ. ಮೊದಲು ತುಳಿಯುವವನಿಗೆ ಕೊಂಡ ಸುಡಬಾರದು. ಸುಟ್ಟರೆ ಅವನು ವ್ರತ ಕೆಡಿಸಿದ್ದಾನೆ ಅಂತ ಅರ್ಥ. ಮುಟ್ಟಬಾರದವಳನ್ನು ಮುಟ್ಟಿದ್ದಾನೆ, ಕುಡಿದಿದ್ದಾನೆ, ಏನೋ ಮಾಡಿದ್ದಾನೆ. ಅದಕ್ಕೆ ಬೆಟ್ಟಸ್ವಾಮಿ ಬೊಬ್ಬೆ ಎದ್ದ ಪಾದವನ್ನು ಯಾರಿಗೂ ತೋರಿಸಲಿಲ್ಲ. ಮನೆಯ ಬಾಗಿಲು ಹಾಕಿಕೊಂಡು ಜವರಮ್ಮನ ಕೈಲಿ ಲೋಳೆಸರ ಹಚ್ಚಿಸಿಕೊಂಡ. “ನಾನೇನು ತಪ್ಪು ಮಾಡಿದ್ನೆ?” ಅಂತ ಅವಳನ್ನೇ ಕೇಳುತ್ತಿದ್ದ. ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು ತಪ್ಪು ಹುಡುಕಿದರು. ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೆ ಇನ್ನೂ ಹೆದರಿದರು.

ಮುಂದಿನ ವರ್ಷ ಶಿವಸ್ವಾಮಿ ಹೆಂಡತಿ ಮಂಗಳಗೌರಿಯನ್ನು ಕರೆದುಕೊಂಡು ಕಾಶಿಗೆ ಹೋದರು. ಎರಡು ತಿಂಗಳು ಊರಲ್ಲಿರಲಿಲ್ಲ. ಬಂದ ಮೇಲೆ ಊರಿಗೆಲ್ಲ ಕಾಶಿದಾರ ಹಂಚಿದರು. ಕೇರಿಗೆ ಆಳಿನ ಕೈಲಿ ಕಳಿಸಿದರು. ಬೆಟ್ಟಸ್ವಾಮಿಗೆ ಮಾತ್ರ ತಾವೇ ಕರೆದು ಕೊಟ್ಟರು. ಅಂಗೈಗೆ ಮೇಲಿಂದ ಬಿಟ್ಟರು.

“ಕಾಲಿಗೆ ಕಟ್ಕೊಳ್ಳಾ. ವಿಶ್ವನಾಥನ ಮುಂದೆ ನಿನ್ ಹೆಸರು ಏಳಿ ತಂದಿವ್ನಿ. ನೆಟ್ಟಗಾಯ್ತದೆ.”

ಬೆಟ್ಟಸ್ವಾಮಿಯ ಕಣ್ಣಲ್ಲಿ ನೀರು ಬಂತು. ಅಷ್ಟು ದೂರದಲ್ಲಿ, ಅಂಥಾ ದೇವರ ಮುಂದೆ, ತನ್ನ ಹೆಸರು. ದಾರವನ್ನು ಗಿಣ್ಣಿನ ಮೇಲೆ ಬಿಗಿದು ಕಟ್ಟಿಕೊಂಡ. ಬಾವು ಬಂದಾಗೆಲ್ಲ ಕಪ್ಪು ದಾರ ಮಾಂಸದೊಳಗೆ ಹೂತುಹೋಗುತ್ತಿತ್ತು. ಬಿಚ್ಚಲಿಲ್ಲ. ಶಿವಸ್ವಾಮಿಯವರೂ ಆಗ ಸ್ವಲ್ಪ ಕುಂಟುತ್ತಿದ್ದರು. ಕಾಶಿಯ ಬೀದಿಯಲ್ಲಿ ನಡೆದು ನಡೆದು ಕಾಲು ನೋವು ಅಂದಿದ್ದರು. ಪಾಪ ಅಂದುಕೊಂಡಿದ್ದ.

ಈ ವರ್ಷ ಅವನು ನಿಂತುಕೊಂಡೇ ಕುಸಿಯತೊಡಗಿದ. ವನಿತಾ ಯಾರ ಮಾತನ್ನೂ ಕೇಳಲಿಲ್ಲ. ಫ್ಯಾಕ್ಟರಿಗೆ ರಜೆ ಹಾಕಿ ಅಪ್ಪನನ್ನು ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂಳೆ ವಿಭಾಗದ ಮುಂದೆ ಬೆಂಚಿನ ತುಂಬ ಕಾಲುಗಳು. ಪಕ್ಕದಲ್ಲಿ ಬನ್ನೂರು ಕಡೆಯ ಒಬ್ಬ ಆಟೋ ಓಡಿಸುವವನು ಕೂತಿದ್ದ. ಅವನದೂ ಗಿಣ್ಣೇ ಮುರಿದಿತ್ತು. ಪ್ಯಾಂಟು ಎತ್ತಿ ತೋರಿಸಿದ.

“ನೋಡಣ್ಣ, ಒರಗಡೆ ಒಂದು ಗೀಟು, ಒಳಗಡೆ ಒಂದು ಗೀಟು. ಎರಡು ಕಡೇಲೂ ಕುಯ್ದು ಪ್ಲೇಟು ಆಕವ್ರೆ. ಈಗ ನೋಡು, ಬ್ರೇಕ್ ಒತ್ತಿದ್ರೆ ಗಾಡಿ ಕಿರ್ ಅಂತದೆ, ಕಾಲು ಅನ್ನಕ್ಕಿಲ್ಲ.”

ಬೆಟ್ಟಸ್ವಾಮಿ ಬಗ್ಗಿ ನೋಡಿದ. ಗಿಣ್ಣಿನ ಹೊರಗೆ ಗೆರೆ ಎಳೆದಂತೆ ನೇರವಾದ ಕಲೆ. ಅದರ ಎರಡು ಪಕ್ಕಕ್ಕೂ ಹೊಲಿಗೆಯ ಚುಕ್ಕಿ. ಜರಿಹುಳ ಕಾಲು ಬಿಟ್ಟುಕೊಂಡು ಮಲಗಿದ ಹಾಗೆ. ಒಳಗಡೆಯೂ ಇನ್ನೊಂದು, ಚಿಕ್ಕದು. ಬೆಂಚಿನ ಮೇಲೆ ಅಂಥ ಕಾಲು ಇನ್ನೂ ಇದ್ದವು. ಎಲ್ಲಕ್ಕೂ ಒಂದೇ ಗುರುತು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

“ಯಾರಪ್ಪ ಕಟ್ಟಿದ್ದು ಇದನ್ನ?”

“ನಮ್ಮೂರೋರೇ, ಅವ್ವ.”

“ಮೂಳೆ ಗಿಡ್ಡ ಆಗಿ, ತಿರುಚ್ಕೊಂಡು ಕೂಡಿದೆ. ಅದಕ್ಕೇ ಪಾದ ಹೊರಗೆ ತಿರುಗಿರೋದು. ಮತ್ತೆ ಅದೇ ಜಾಗದಲ್ಲಿ ಕತ್ತರಿಸ್ಬೇಕು. ಸೊಂಟದಿಂದ ಒಂದು ಚೂರು ಮೂಳೆ ತೆಗೆದು ನಡುವೆ ಇಟ್ಟು ಉದ್ದ ಮಾಡ್ತೀವಿ. ಪ್ಲೇಟು, ಸ್ಕ್ರೂ ಹಾಕಿ ನೆಟ್ಟಗೆ ನಿಲ್ಲಿಸ್ತೀವಿ.”

“ಮುರಿದಾಗ್ಲೇ ಬಂದಿದ್ರೆ, ಮೇಡಂ?” ಕೇಳಿದವಳು ವನಿತಾ.

“ಬಂದಿದ್ರೆ ಈ ಹೊತ್ತಿಗೆ ಮರೆತೇ ಹೋಗಿರೋದು. ಈಗ ಕೀಲು ಸವೀತಾ ಇದೆ. ಇನ್ನೂ ತಡ ಮಾಡಿದ್ರೆ ಸರಿ ಮಾಡೋಕೆ ಕೀಲೇ ಉಳಿಯಲ್ಲ. ಆಮೇಲೆ ಬೆಸೆದುಬಿಡೋದು ಒಂದೇ ದಾರಿ. ಪಾದ ಕೊರಡಿನ ಹಾಗೆ, ಜನ್ಮದಲ್ಲಿ ಮಡಚಲ್ಲ. ಮುಂದಿನ ಸೋಮವಾರ ಬೆಡ್ ಖಾಲಿ ಇದೆ. ಬಂದು ಸೇರ್ಕೊಳ್ಳಿ. ಇದನ್ನ ಬಿಟ್ಟರೆ ಇನ್ಯಾವಾಗ ಸಿಗುತ್ತೋ ನಾನು ಹೇಳೋಕಾಗಲ್ಲ.”

ಸೋಮವಾರ ಊರಿನವರು ಹೊಳೆ ಮಾಡಲು, ಅಂದರೆ ಮಿಂದು ಹೊಳೆಯ ನೀರು ತರಲು, ತಿರುಮಕೂಡಲಿಗೆ ಹೋಗುವ ದಿನ. ಮಂಗಳವಾರ ಬೆಳಿಗ್ಗೆ ಕೊಂಡ.

ಸುದ್ದಿ ಊರಿಗೆ ಅವನಿಗಿಂತ ಮೊದಲೇ ಬಂದಿತ್ತು. ಕೇರಿಯ ಯಜಮಾನ ಚಲುವಯ್ಯ ಅವನನ್ನು ಶಿವಸ್ವಾಮಿಯವರ ಜಗಲಿಗೆ ಕರೆದುಕೊಂಡು ಹೋದ. ಮಂಗಳಗೌರಿ ಕಾಫಿ ಕೊಟ್ಟರು. ಗಂಡನಿಗೆ ಸ್ಟೀಲ್ ಲೋಟ, ಇವರಿಬ್ಬರಿಗೆ ಪೇಪರ್ ಲೋಟ. ಬೆಟ್ಟಸ್ವಾಮಿ ಜಗಲಿಯ ಕೆಳಗೆ ಕೂತ. ಕಾಲು ಮಡಚಲಾಗದೆ ಮುಂದೆ ಚಾಚಿದ.

“ನನ್ ಮುಂದೆ ಕಾಲು ಚಾಚ್ತಿಯೇನ್ಲಾ?” ಅಂದರು ಶಿವಸ್ವಾಮಿ. ನಗುತ್ತಲೇ ಅಂದರು. ಚಲುವಯ್ಯನೂ ನಕ್ಕ. ಬೆಟ್ಟಸ್ವಾಮಿ ಟವೆಲು ತೆಗೆದು ಪಾದದ ಮೇಲೆ ಮುಚ್ಚಿದ.

“ಕೊಂಡ ಒಂದು ಮುಗೀಲಿ ಕಣೋ. ಆಮೇಲೆ ನೋಡನ.”

“ಡಾಕ್ಟ್ರವ್ವ ತಡ ಮಾಡ್ಬೇಡಿ ಅಂದದೆ, ಬುದ್ದಿ.”

“ಡಾಕ್ಟ್ರಿಗೇನು ಗೊತ್ತು? ಕಬ್ಬಿಣ ಆಕುಸ್ಕಂಡ್ರೆ ನೀನು ಇನ್ಯಾವತ್ತೂ ಮೊದ್ಲು ತುಳಿಯಂಗಿಲ್ಲ. ನಿಮ್ಮಪ್ಪ, ನಿಮ್ ತಾತನ ಹೆಸರು ನಿನ್ ಕಾಲಲ್ಲೇ ಮುಗೀತದೆ. ನಂಗೇನು? ನಿಂಗೇ ನಷ್ಟ.”

ಚಲುವಯ್ಯ ಮೊಣಕೈಯಿಂದ ತಿವಿದ. “ಕೇರಿಗೆ ಇರದು ಅದೊಂದೇ ಮರ್ಯಾದೆ ಕಣ್ಲಾ ಬೆಟ್ಟ. ಅದ ಕಳೀಬೇಡ.”

ಬೆಟ್ಟಸ್ವಾಮಿ ಒಪ್ಪಿಕೊಂಡ.

ಮನೆಯಲ್ಲಿ ವನಿತಾ ಊಟದ ತಟ್ಟೆ ತಳ್ಳಿದಳು. “ಅಪ್ಪ, ಅವ್ರು ನಿನ್ ಕಾಲಿಗೆ ಬೀಳದು ವರ್ಷಕ್ಕೊಂದಿನ. ನೀನು ಆ ಕಾಲಲ್ಲಿ ವರ್ಷಪೂರ್ತಿ ನಡೀಬೇಕು.” ಮಗಳು ಆಸ್ಪತ್ರೆಯ ಚೀಲವನ್ನು ಬಿಚ್ಚಲೂ ಇಲ್ಲ, ಎತ್ತಿಡಲೂ ಇಲ್ಲ. ಸೋಮವಾರ ಬೆಳಿಗ್ಗೆ ಅದನ್ನೇ ಹೆಗಲಿಗೆ ಹಾಕಿಕೊಂಡು ತಾನೂ ಟ್ರ್ಯಾಕ್ಟರ್ ಹತ್ತಿದಳು.

ತಿರುಮಕೂಡಲಿನ ಸಂಗಮದಲ್ಲಿ ಕಪಿಲೆ ಒಂದು ಕಡೆಯಿಂದ, ಕಾವೇರಿ ಒಂದು ಕಡೆಯಿಂದ ಬಂದು ಕೂಡುತ್ತವೆ. ಎರಡೂ ನೀರು ಒಂದಾಗುವ ಕಡೆಯೂ ಮೇಲಿನ ಬೀದಿಯವರು ಮೇಲಿನ ಸೋಪಾನದಲ್ಲಿ ಮುಳುಗಿದರು, ಕೇರಿಯವರು ಕೆಳಗಿನ ಸೋಪಾನದಲ್ಲಿ. ಬೆಟ್ಟಸ್ವಾಮಿ ಅರಿಶಿನದ ಪಂಚೆ ಉಟ್ಟು ನೀರಿಗಿಳಿದು ಎದ್ದ. ಜವರಮ್ಮ ಒದ್ದೆ ಸೀರೆಯಲ್ಲಿ ನಿಂತಿದ್ದಳು. ಅವಳು ಬಾಯಿಬೀಗದವಳು. ಇಲ್ಲಿ ಎರಡು ಕೆನ್ನೆಗೂ ಹಾಯುವಂತೆ ಸರಳು ಚುಚ್ಚುತ್ತಾರೆ. ಗುಡಿ ಮುಟ್ಟುವವರೆಗೆ ಮಾತಿಲ್ಲ. ಪೂಜಾರಿ ಸರಳಿಗೆ ನಿಂಬೆಹಣ್ಣು ಸವರುತ್ತಿದ್ದ.

ಶಿವಸ್ವಾಮಿ ಪಂಚೆ ಎತ್ತಿ ಕಟ್ಟಿ, ತುಂಬಿದ ಬಿಂದಿಗೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮೊದಲು ತುಳಿಯುವವನ ತಲೆಗೆ ಬಿಂದಿಗೆ ಹೊರಿಸುವುದು ಯಜಮಾನರ ಕೆಲಸ. ಬೆಟ್ಟಸ್ವಾಮಿ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ತಲೆ ಬಗ್ಗಿಸಿ ನಿಂತಿದ್ದ. ಅವನ ಕಣ್ಣ ಮುಂದೆಯೇ ಅವರ ಕಾಲು.

ಗಿಣ್ಣಿನ ಹೊರಗೆ ಒಂದು ಜರಿಹುಳ. ಒಳಗೆ ಒಂದು.

ಹಿಂದೆಯೂ ನೋಡಿದ್ದ. ಏನೋ ಗಾಯ ಅಂದುಕೊಂಡಿದ್ದ. ಆಗ ಅವನಿಗೆ ಆ ಬೆಂಚು ಗೊತ್ತಿರಲಿಲ್ಲ. ಆ ಪಾದ ನೆಟ್ಟಗೆ ಮುಂದೆ ನೋಡುತ್ತಿತ್ತು. ಹಿಮ್ಮಡಿ ಒದ್ದೆ ಕಲ್ಲಿಗೆ ಪೂರ್ತಿ ಊರಿತ್ತು.

“ತಗಳ್ಳಾ,” ಅಂದರು ಶಿವಸ್ವಾಮಿ.

ಬೆಟ್ಟಸ್ವಾಮಿ ಕೈ ಎತ್ತಲಿಲ್ಲ. “ಬುದ್ದಿ, ನಿಮ್ ಕಾಲಿಗೆ ಏನಾಗಿತ್ತು?”

“ಈಗ್ಯಾಕ್ಲಾ ಅದು? ಕಾಶಿಲಿ ಜಾರಿದ್ದೆ. ಸಣ್ ಗಾಯ. ತಗೊ, ಒತ್ತಾಯ್ತದೆ.”

“ಎರಡು ಕಡೇಲೂ ಕುಯ್ದವ್ರೆ. ಒಳಗೆ ಪ್ಲೇಟದೆ.”

ತಮಟೆ ನಿಂತಿತು. ಶಿವಸ್ವಾಮಿ ಬಾಯಿ ತೆರೆಯುವ ಮುಂಚೆ ಮೇಲಿನ ಮೆಟ್ಟಿಲಿಂದ ಮಂಗಳಗೌರಿ ಕೂಗಿಕೊಂಡರು. ಗಂಡನನ್ನು ಕಾಪಾಡಲು ಹೋಗಿಯೇ ಅಂದರು: “ಅಯ್ಯೋ, ಅವ್ರೇನು ಸುಖಕ್ಕೆ ಆಪ್ರೇಸನ್ ಮಾಡುಸ್ಕಂಡ್ರೇನ್ಲಾ? ಬಚ್ಚಲಲ್ಲಿ ಜಾರಿ ಬಿದ್ದು, ಎರಡು ತಿಂಗ್ಳು ಮೈಸೂರಲ್ಲಿ ಮಗಳ ಮನೇಲಿ ಮಲಗಿದ್ದ ಸಂಕಟ ನಮಗೆ ಗೊತ್ತು!”

ಅಂದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೆಟ್ಟಿಲ ಮೇಲೆ ನಿಂತವರೆಲ್ಲ ತಮ್ಮ ತಮ್ಮ ಕೈಯ ದಾರ ನೋಡಿಕೊಂಡರು.

ಬೆಟ್ಟಸ್ವಾಮಿಗೆ ಮೊದಲು ಹೊಳೆದದ್ದು ಪ್ಲೇಟಲ್ಲ, ತನ್ನ ಹೆಸರು. ವಿಶ್ವನಾಥನ ಮುಂದೆ ಹೇಳದ ಹೆಸರು. ಯಾವುದೋ ಅಂಗಡಿಯಲ್ಲಿ ಕೊಂಡ ದಾರ. ಆ ದಾರಕ್ಕೆ ದಿನಾ ಕೈ ಮುಗಿದಿದ್ದ. ಬೆಂದ ಪಾದ ಬಚ್ಚಿಟ್ಟುಕೊಂಡು ತನ್ನ ತಪ್ಪು ಹುಡುಕಿದ್ದ.

“ಕಬ್ಬಿಣ ಆಕುಸ್ಕಂಡು ಓದ ವರ್ಸ ನೀವೂ ಕೊಂಡ ಹಾಯ್ದ್ರಿ,” ಅಂದ. “ನನ್ ಹಿಂದೇನೇ ಬಂದ್ರಿ.”

“ನಾನು ಇಂದ್ಗಡೆ ಬರೋನು ಕಣ್ಲಾ. ನಡೀತದೆ. ಮೊದ್ಲು ತುಳಿಯೋನು ನೀನು. ನಿಂದು ಬೇರೆ. ನಿನ್ ಮೈ ಊರಿನ ಮೈ.”

“ಊರಿನ ಮೈ ಆಗಿದ್ರೆ ಅವತ್ತು ನನ್ನೊಬ್ಬನ ಕಾಲು ಯಾಕೆ ಮುರೀತು?”

ಚಲುವಯ್ಯ ಬಂದು ತೋಳು ಹಿಡಿದ. “ಬೆಟ್ಟ, ಇಲ್ಲಿ ಬ್ಯಾಡ. ಊರಿಗೋಗಿ ಮಾತಾಡನ. ಅಮ್ಮ ಮುನಿದಾಳು.”

ಆಗ ಜವರಮ್ಮ ಪೂಜಾರಿಯ ಕೈಯಲ್ಲಿದ್ದ ಸರಳನ್ನು ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಹೊಳೆ ಮಾಡಿದ ದಿನ ಅವಳ ದನಿಯನ್ನು ಊರು ಕೇಳಿರಲಿಲ್ಲ.

“ಇದೇನು ಬೆಣ್ಣೆಯ? ಇದೂ ಕಬ್ಬಿಣವೇ ತಾನೆ? ವರ್ಷ ವರ್ಷ ನನ್ನ ಕೆನ್ನೆಗೆ ಚುಚ್ತೀರಿ. ಆಗ ಅಮ್ಮ ಒಪ್ತಳೆ. ನನ್ ಬಾಯಿ ಮುಚ್ಸಕ್ಕೆ ಕಬ್ಬಿಣ ಆಯ್ತದೆ, ನನ್ ಗಂಡನ್ ಕಾಲು ನಿಲ್ಸಕ್ಕೆ ಆಗಕ್ಕಿಲ್ವಾ?”

ಸರಳನ್ನು ಮೆಟ್ಟಿಲ ಮೇಲೆ ಬಿಸಾಕಿದಳು. ಕಲ್ಲಿಗೆ ಬಿದ್ದು ಟಣ್ ಅಂದಿತು. ಉರುಳಿ ನೀರಿಗೆ ಹೋಯಿತು.

“ಬಾಯಿ ಮುಚ್ಸೋ ನಿನ್ ಹೆಂಡ್ರದ್ದ!” ಶಿವಸ್ವಾಮಿ ಬಿಂದಿಗೆಯನ್ನು ಬೆಟ್ಟಸ್ವಾಮಿಯ ತಲೆಯ ಕಡೆಗೆ ಚಾಚಿದರು. “ಒರ್ಲಾ ಇದನ್ನ!”

“ನೀವೇ ಒರಿ, ಶಿವಸ್ವಾಮೇರೆ. ನಿಮ್ ಕಾಲು ನೆಟ್ಟಗದೆ.”

ಬುದ್ದಿ ಅನ್ನಲಿಲ್ಲ. ಹೆಸರು ಹಿಡಿದ. ಆ ಹೆಸರು ತನ್ನ ಬಾಯಿಂದ ಬಂದದ್ದು ಕೇಳಿ ಅವನಿಗೇ ಮೈ ಜುಂ ಅಂದಿತು. ಮೇಲಿನ ಸೋಪಾನದಲ್ಲಿ ನಿಂತಿದ್ದವರ ನಡುವೆಯೇ ಹತ್ತಿಕೊಂಡು ಹೋದ. ಸೊಟ್ಟ ಕಾಲು ಮೆಟ್ಟಿಲಿಗೆ ತಗಲುತ್ತಿತ್ತು. ಜನ ತಾವಾಗಿಯೇ ಸರಿದರು, ಮುಟ್ಟಿಬಿಟ್ಟಾನು ಅಂತ. ವನಿತಾ ಚೀಲ ಹೊತ್ತು ಹಿಂದೆ ಬಂದಳು. ಜವರಮ್ಮ ಒದ್ದೆ ಸೆರಗು ಹಿಂಡಿಕೊಂಡು ಬಂದಳು.

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಹೊರಡುವುದರಲ್ಲಿತ್ತು. ಅರಿಶಿನದ ಒದ್ದೆ ಪಂಚೆ ನೋಡಿ ಕಂಡಕ್ಟರು ಅವನಿಗೆ ಮುಂದಿನ ಸೀಟು ಬಿಡಿಸಿಕೊಟ್ಟ. “ಪೂಜೆಗೆ ಹೊಂಟ್ರಾ ಸ್ವಾಮಿ?” ಅಂದ. ಬೆಟ್ಟಸ್ವಾಮಿ ಕಾಲು ಚಾಚಿ ಕೂತ. “ಆಸ್ಪತ್ರೆಗೆ,” ಅಂದ.

ವಾರ್ಡಿನಲ್ಲಿ ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಏನಯ್ಯ, ಮದುವೆ ಗಂಡಿನ ಥರ ಬಂದಿದ್ದೀಯ?” ಜವರಮ್ಮ ನಕ್ಕಳು. ಅವಳ ಕೆನ್ನೆಯ ಮೇಲೆ ಹಳೆಯ ಸರಳಿನ ಎರಡು ಗುಳಿ. ನಕ್ಕಾಗ ಅವು ಕೆನ್ನೆಯ ಮಡಿಕೆಯಲ್ಲಿ ಮರೆಯಾಗುತ್ತಿದ್ದವು.

ಮಂಗಳವಾರ ಮಧ್ಯಾಹ್ನ ಚಲುವಯ್ಯ ಫೋನ್ ಮಾಡಿದ. ಅವನ ದನಿ ಸೀದುಹೋಗಿತ್ತು.

“ಕೊಂಡ ಆಗ್ಲಿಲ್ಲ ಕಣ್ಲಾ.”

“ಯಾಕಣ್ಣ?”

“ನಮ್ಮೋರಲ್ಲಿ ಯಾರೂ ಮುಂದೆ ಬರ್ಲಿಲ್ಲ. ನಾನೂ ಏಳ್ದೆ, ಬೈದೆ. ಬರ್ಲಿಲ್ಲ. ಅಂಗಾದ್ರೆ ಯಜಮಾನ್ರೇ ತುಳೀಲಿ ಅಂದ್ರು ಮೇಲಿನ ಬೀದಿಯೋರು. ಬುದ್ದಿ ಬಂದು ಕೆಂಡ ನೋಡಿದ್ರು. ನೋಡಿ…”

“ನೋಡಿ?”

“ನನ್ ಕಾಲಲ್ಲಿ ಕಬ್ಬಿಣ ಅದೆ, ನಾನು ತುಳಿಯಂಗಿಲ್ಲ ಅಂದ್ಬುಟ್ರು. ಎಲ್ಲರ ಮುಂದೆ. ಕೆಂಡಕ್ಕೆ ನೀರು ಉಯ್ದು ಎದ್ದೋದ್ರು ಕಣ್ಲಾ.”

ಬೆಟ್ಟಸ್ವಾಮಿಗೆ ನಗು ಬರಲಿಲ್ಲ. ನಗು ಬರಬೇಕಾದ ಕಡೆ ಏನೋ ಸುಟ್ಟಂತಾಯಿತು.

“ಇನ್ನು ಕೇರಿಯೋರ್ಗೆ ಕಬ್ಬು ಕಡಿಯೋ ಕೆಲ್ಸ ಇಲ್ಲ ಅಂದವ್ರೆ. ಎಲ್ಲ ನಿನ್ನಿಂದ,” ಅಂದ ಚಲುವಯ್ಯ. ಆಮೇಲೆ ಕೇಳಿದ: “ನಾಳೆ ಆಪ್ರೇಸನ್ ಎಷ್ಟೊತ್ತಿಗೆ?”

“ಬೆಳಿಗ್ಗೆ.”

“ಆಗ್ಲಿ. ಉಸಾರು.”

ಫೋನ್ ಇಟ್ಟ ಮೇಲೆ ನರ್ಸ್ ಬಂದಳು. ಕಾಲು ತೊಳೆದು, ಕೂದಲು ಬೋಳಿಸಿ, ಔಷಧಿ ಹಚ್ಚಬೇಕಿತ್ತು. ಗಿಣ್ಣಿನ ಮೇಲಿನ ದಾರ ನೋಡಿ ಕೈ ತಡೆದಳು.

“ಇದನ್ನ ತೆಗೀಬೇಕು. ಯಾವ ದೇವರದ್ದಪ್ಪ? ಕೆಲವ್ರು ಕಿತ್ತರೆ ಜಗಳಕ್ಕೆ ಬರ್ತಾರೆ.”

“ಯಾವ ದೇವ್ರದ್ದೂ ಅಲ್ಲ, ಸಿಸ್ಟ್ರೆ. ಕತ್ರಿ ಇಲ್ಲಿ ಕೊಡಿ.”

ದಾರ ಮಾಂಸದೊಳಗೆ ಹೂತಿತ್ತು. ಕತ್ತರಿಯ ತುದಿ ತೂರುತ್ತಿರಲಿಲ್ಲ. ವನಿತಾ ಮುಂದೆ ಬಂದಳು. ಅವನು ಬೇಡ ಅಂದ. ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕತ್ತರಿಯನ್ನು ಒಳಕ್ಕೆ ತುರುಕಿದ. ಒಂದು ಹನಿ ರಕ್ತ ಬಂತು. ಕತ್ತರಿಸಿದ. ದಾರವನ್ನು ಎಳೆದು, ಮಂಚದ ಕೆಳಗಿದ್ದ ಬಕೆಟ್ಟಿಗೆ, ಹಳೆಯ ಬ್ಯಾಂಡೇಜುಗಳ ಮೇಲೆ ಹಾಕಿದ.

ಗಿಣ್ಣಿನ ಸುತ್ತ ಬಳೆಯ ಹಾಗೆ ಬಿಳಿಯ ಗೆರೆ ಉಳಿದಿತ್ತು. ನರ್ಸ್ ಹತ್ತಿಯಲ್ಲಿ ಔಷಧಿ ಅದ್ದಿ ಒರೆಸಿದಳು. ಅದು ಹೋಗಲಿಲ್ಲ.

“ಉಜ್ಜಿ, ಸಿಸ್ಟ್ರೆ,” ಅಂದ ಬೆಟ್ಟಸ್ವಾಮಿ. “ಇನ್ನೂ ಗಟ್ಯಾಗಿ ಉಜ್ಜಿ.”